"ಆ ಕಾಲದ ಹೆಂಗಸರಿಗೆ ಗೆಳತಿಯರಿದ್ದರಾ?" ಅಂತ ಕೇಳುವವರಿಗೆ

ಇದ್ದರು.

ಉತ್ತರ ಇಷ್ಟೇ ಸಾಕಿತ್ತು. ಆದರೆ ನನ್ನ ಕಾದಂಬರಿ ಓದಿದವರು, ಅರ್ಧ ಓದಿದವರು, ಓದುತ್ತೇನೆ ಅಂತ ಪುಸ್ತಕ ತಗೊಂಡು ಹೋದವರು, ಎಲ್ಲರೂ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಓದದವರಿಗೆ ಕಥೆ ಇಷ್ಟು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಮನೆಗಳಿಗೆ ಬೀಗ ಹಾಕಿ ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಸಾತಮ್ಮ, ರುಕ್ಕಮ್ಮ ಅಕ್ಕಪಕ್ಕದ ಮನೆಯ ಸೊಸೆಯರು. ಅವರೂ ಹಾಗೇ ಹೋದರು. ರುಕ್ಕಮ್ಮನ ಗಂಡ ಪ್ಲೇಗಿಗೆ ಸತ್ತ. ಸಾತಮ್ಮನ ಗಂಡ ಉಳಿದ. ಅವಳು ಮುತ್ತೈದೆ, ಇವಳು ತಲೆ ಬೋಳಿಸಿಕೊಂಡ ಮಡಿ ಹೆಂಗಸು. ಆದರೂ ಸ್ನೇಹ ಮುಂದುವರಿಯಿತು. ಅಷ್ಟಕ್ಕೇ ಶುರುವಾಗುತ್ತದೆ: "ಇದು ಈಗಿನ ಕಾಲದ ಕಲ್ಪನೆ ಅಲ್ವಾ ಮೇಡಂ?"

ಒಂದು ಗ್ರಂಥಾಲಯದಲ್ಲಿ ಮಾತಾಡೋಕೆ ಹೋಗಿದ್ದೆ. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು. "ಅಮ್ಮಾ, ಚೆನ್ನಾಗಿ ಬರೆದಿದ್ದೀರಿ. ಆದರೆ ಆಗಿನ ಹೆಂಗಸರಿಗೆ ಸ್ನೇಹಕ್ಕೆಲ್ಲ ಪುರುಸೊತ್ತು ಎಲ್ಲಿತ್ತು? ಅಲ್ಲದೆ ಹೆಣ್ಣಿಗೆ ಹೆಣ್ಣೇ ಶತ್ರು ಅಂತಾರಲ್ಲ."

ನಾನು ಕೇಳಿದೆ: "ಸರ್, ನೀವು ಹುಟ್ಟಿದಾಗ ನಿಮ್ಮ ತಾಯಿಯ ಹತ್ತಿರ ಯಾರಿದ್ದರು?"

"ಪಕ್ಕದ ಮನೆಯವರು," ಅಂದರು ತಕ್ಷಣ. "ನನ್ನನ್ನು ಮೊದಲು ಎತ್ತಿಕೊಂಡಿದ್ದೇ ಅವರು. ನಮ್ಮಮ್ಮ ಅವರನ್ನು ಬಿಟ್ಟು ಒಂದು ಹಪ್ಪಳನೂ ಒಣಗಿಸ್ತಿರಲಿಲ್ಲ."

ಸಭೆಯೆಲ್ಲ ನಕ್ಕಿತು. ಅವರೂ ನಕ್ಕರು. ಆದರೆ ಕೂರುವ ಮುಂಚೆ ಇನ್ನೊಂದು ಮಾತು ಹೇಳಿದರು: "ಅದು ನೆರೆಹೊರೆ ಕಣಮ್ಮಾ. ಸ್ನೇಹ ಅಂದರೆ ಬೇರೆ."

ನನಗೆ ಸಿಟ್ಟು ಬಂದದ್ದು ಆಗ. ಈಗಲೂ ಹೋಗಿಲ್ಲ. ಇಬ್ಬರು ಗಂಡಸರು ಸಂಜೆ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರೆ ಅದು ಸ್ನೇಹ. ಇಬ್ಬರು ಹೆಂಗಸರು ನಲವತ್ತು ವರ್ಷ ಒಬ್ಬರ ಹೆರಿಗೆ ಇನ್ನೊಬ್ಬರು ನೋಡಿಕೊಂಡರೆ, ಸಾಲ ಕೊಟ್ಟು ಗಂಡನಿಗೆ ಹೇಳದೆ ಮುಚ್ಚಿಟ್ಟರೆ, ಅದು ಬರೀ ನೆರೆಹೊರೆ!

ಸ್ವಲ್ಪ ಯೋಚನೆ ಮಾಡಿ. ಮೈಸೂರು ಸಂಸ್ಥಾನದಲ್ಲಿ ಎಂಟು ವರ್ಷ ತುಂಬದ ಹುಡುಗಿಯ ಮದುವೆ ಮಾಡಬಾರದು ಅಂತ ಕಾನೂನು ಬಂದಿದ್ದೇ 1894ರಲ್ಲಿ. ಅಂದರೆ ಒಂಬತ್ತಕ್ಕೆ ಮಾಡಬಹುದಿತ್ತು. ಮೈನೆರೆದ ಮೇಲೆ ಆ ಹುಡುಗಿ ಗುರುತಿಲ್ಲದ ಮನೆಗೆ ಬರುತ್ತಾಳೆ. ಹಗಲಲ್ಲಿ ಗಂಡನ ಜೊತೆ ಮಾತಾಡುವ ಹಾಗಿಲ್ಲ. ಅತ್ತೆಯ ಎದುರು ಕೂರುವ ಹಾಗಿಲ್ಲ. ತವರಿಗೆ ಕಾಗದ ಹಾಕೋಣ ಅಂದರೆ ಹೆಚ್ಚಿನವರಿಗೆ ಅಕ್ಷರ ಬಾರದು. ಅವಳು ಯಾರ ಹತ್ತಿರ ಮಾತಾಡಬೇಕು? ಬಾವಿಕಟ್ಟೆಯಲ್ಲಿ ಸಿಕ್ಕಿದವಳ ಹತ್ತಿರ. ಬೀಸುವ ಕಲ್ಲಿನ ಆ ಕಡೆ ಕೂತವಳ ಹತ್ತಿರ. ಒಂದೇ ಗೂಟ ಹಿಡಿದು ಇಬ್ಬರೂ ತಿರುಗಿಸುವಾಗ ಬಂದ ಪದಗಳನ್ನೇ ಅಲ್ವಾ ನಾವು ಇವತ್ತು ಜನಪದ ಸಾಹಿತ್ಯ ಅಂತ ಪಾಠ ಇಟ್ಟು ಓದಿಸುವುದು?

ಕಾಗದದ ಸಾಕ್ಷಿಯೇ ಬೇಕು ಅನ್ನುವವರಿಗೆ ಇನ್ನೂ ಸ್ವಲ್ಪ. ಲೇಖಕಿ ನಂಜನಗೂಡು ತಿರುಮಲಾಂಬಾ ಹದಿನಾಲ್ಕಕ್ಕೇ ವಿಧವೆಯಾದರು. 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆ ಶುರು ಮಾಡಿದರು. ಬಾಲವಿಧವೆಯೇ ಆಗಿದ್ದ ಆರ್. ಕಲ್ಯಾಣಮ್ಮ ಬೆಂಗಳೂರಿನಲ್ಲಿ ಶಾರದಾ ಸ್ತ್ರೀ ಸಮಾಜ ಕಟ್ಟಿದರು. ಗೆಳತಿಯರಿಲ್ಲದೆ ಒಬ್ಬರೇ ಕೂತು ಸಮಾಜ ಕಟ್ಟೋಕಾಗುತ್ತಾ?

ಇಷ್ಟು ಸಾಕು. ಯಾಕೆಂದರೆ ನನಗೆ ನಿಜವಾಗಿ ಹೇಳಬೇಕಿರುವುದು ಬೇರೆ ಇದೆ. ಅದನ್ನು ಯಾರೂ ಕೇಳಿಲ್ಲ.

ಗುಡಿಸಲಲ್ಲಿ ಮಡಿ ನಡೆಯುತ್ತಿರಲಿಲ್ಲ. ಜಾಗವೇ ಇರಲಿಲ್ಲ. ಒಂದೇ ಒಲೆ, ಒಂದೇ ಕೊಡ. ರುಕ್ಕಮ್ಮ ಅತ್ತಾಗ ಸಾತಮ್ಮ ಅವಳನ್ನು ತಬ್ಬಿಕೊಂಡು ಮಲಗುತ್ತಿದ್ದಳು. ಆಮೇಲೆ ಪ್ಲೇಗು ಇಳಿಯಿತು, ಎಲ್ಲರೂ ಪೇಟೆಗೆ ವಾಪಸ್ಸು ಬಂದರು. ಮರುವರ್ಷ ಗೌರಿ ಹಬ್ಬ. ಅಲ್ಲಿಯವರೆಗೆ ಪ್ರತಿ ಗೌರಿಗೂ ಇಬ್ಬರೂ ಒಬ್ಬರಿಗೊಬ್ಬರು ಮೊರದ ಬಾಗಿನ ಕೊಟ್ಟುಕೊಂಡವರು. ಈ ಸಲ ಸಾತಮ್ಮ ಬೀದಿಯ ಎಲ್ಲ ಮನೆಗೂ ಅರಿಶಿನ ಕುಂಕುಮಕ್ಕೆ ಕರೆಯೋಕೆ ಹೋದಳು. ಒಂದು ಬಾಗಿಲು ಬಿಟ್ಟಳು.

ಯಾಕೆ ಬಿಟ್ಟಳು? ಇದನ್ನು ಕೇಳಿ ನನ್ನನ್ನು.

ಅತ್ತೆ ಹೇಳಿದರು ಅಂತ ಬರೆಯಬಹುದಿತ್ತು. ಬಹಳ ಸುಲಭ. ಅತ್ತೆ ಕೆಟ್ಟವಳು, ಸಾತಮ್ಮ ಒಳ್ಳೆಯವಳು, ಓದುವವರಿಗೂ ನೆಮ್ಮದಿ. ಆದರೆ ನನ್ನ ಕಾದಂಬರಿಯಲ್ಲಿ ಅತ್ತೆ ಬಾಯೇ ಬಿಡುವುದಿಲ್ಲ. ಸಾತಮ್ಮನೇ ತೀರ್ಮಾನ ಮಾಡುತ್ತಾಳೆ. ಅವಳ ಗಂಡ ಸಾವಿನ ಬಾಯಿಂದ ಬಂದವನು. ವಿಧವೆಯ ಮುಖ ನೋಡಿದರೆ ಮಾಂಗಲ್ಯಕ್ಕೆ ಕೇಡು ಅನ್ನುವುದನ್ನು ಅವಳು ನಂಬಿದ್ದಳು. ರುಕ್ಕಮ್ಮನ ಮೇಲೆ ಪ್ರಾಣ ಇಟ್ಟುಕೊಂಡೇ ನಂಬಿದ್ದಳು. ಇವತ್ತಿನವಳಿಗೆ ಹದಿನೆಂಟು ಮೊಳದ ಸೀರೆ ಉಡಿಸಿ, ಅವಳ ಬಾಯಿಂದ ನಮ್ಮ ಮಾತು ಆಡಿಸಿದರೆ ನಮಗೆ ಹಿತವಾಗುತ್ತದೆ. ಆ ಇಬ್ಬರಿಗೆ ಮಾತ್ರ ಅನ್ಯಾಯ. ರೂಢಿ ಅನ್ನುವುದು ರುಕ್ಕಮ್ಮನ ಮನೆಗೆ ಯಾರೋ ಆಚಾರವಂತರ ಜೊತೆ ಬರಲಿಲ್ಲ. ಅವಳ ಅತ್ಯಂತ ಹತ್ತಿರದವಳೇ ತಂದಳು. ಅದಕ್ಕೇ ಅಷ್ಟು ನೋವು.

ಮಾರನೇ ದಿನ ಸಾತಮ್ಮ ಹಿತ್ತಿಲ ಬಾಗಿಲಿಂದ ಒಂದು ಬಟ್ಟಲು ಹೂರಣ ತಂದಳು. ರುಕ್ಕಮ್ಮ ಈಸಿಕೊಂಡಳು, ಮಾತಾಡಲಿಲ್ಲ. ಒಬ್ಬ ಸ್ನೇಹಿತರು ಹಸ್ತಪ್ರತಿ ಓದಿ, ಇಲ್ಲಿ ಇಬ್ಬರೂ ಅತ್ತು ಒಂದಾಗಲಿ ಅಂದರು. ನಾನು ಒಪ್ಪಲಿಲ್ಲ. ಅವಳು ಕ್ಷಮಿಸುವುದಿಲ್ಲ. ನಾಲ್ಕು ವರ್ಷ ಆದ ಮೇಲೆ ಸಾತಮ್ಮನಿಗೆ ಕಷ್ಟದ ಹೆರಿಗೆ ಆದಾಗ ರಾತ್ರಿ ಎದ್ದು ಬಂದವಳು, ಬಾಣಂತನ ಪೂರ್ತಿ ಮಾಡಿದವಳು ಮಾತ್ರ ಅವಳೇ. ಗೌರಿಗೆ ಬೇಡವಾದ ಆ ಮುಖ ಹೆರಿಗೆ ಕೋಣೆಗೆ ಬೇಕಾಯಿತು. ಅದರ ಬಗ್ಗೆ ಆ ಮನೆಯಲ್ಲಿ ಯಾರೂ, ಸಾತಮ್ಮ ಕೂಡ, ಒಂದು ಮಾತು ಆಡಲಿಲ್ಲ. ಆಡಬೇಕಿತ್ತು ಅಂತೀರಾ? ಅದರ ಬಗ್ಗೆ ಬೆಳಗಿನವರೆಗೂ ಬೇಕಾದರೆ ಮಾತಾಡೋಣ, ಬನ್ನಿ.