ಲ್ಯಾಪ್‌ಟಾಪಿನೊಳಗೆ 2012ರ ಜನವರಿ 1

ಕೆರಗೋಡು ಕಡೆಯ ಹಿರಿಯರೊಬ್ಬರು ಮಗಳ ಮದುವೆ ಪತ್ರಿಕೆಯ ಪ್ರೂಫ್ ನೋಡಲು ಮರುದಿನ ಬೆಳಿಗ್ಗೆ ಬರುವವರಿದ್ದರು. ಅದರ ಹಿಂದಿನ ಮಧ್ಯಾಹ್ನವೇ ಕರೆಂಟ್ ಹೋಗಿ ಬಂತು, ನನ್ನ ಲ್ಯಾಪ್‌ಟಾಪ್ ಮೇಲೇಳಲಿಲ್ಲ. ದೀಪ ಹತ್ತಿತು, ಫ್ಯಾನ್ ತಿರುಗಿತು, ಕಂಪನಿಯ ಚಿಹ್ನೆಯೂ ಬಂತು. ಆಮೇಲೆ ಕಪ್ಪು ಪರದೆಯ ಮೇಲೆ, ಬೂಟ್ ಆಗಲು (ಅಂದರೆ ವಿಂಡೋಸ್ ಶುರುವಾಗಲು) ಯಾವ ಡಿಸ್ಕೂ ಸಿಗುತ್ತಿಲ್ಲ ಎಂಬ ಒಂದೇ ಒಂದು ಇಂಗ್ಲಿಷ್ ಸಾಲು.

ಮಂಡ್ಯದ ವಿದ್ಯಾನಗರದ ಮನೆಯಲ್ಲೇ ಡಿಟಿಪಿ, ಅಂದರೆ ಮುದ್ರಣಕ್ಕೆ ಅಕ್ಷರ ಜೋಡಿಸುವ ಕೆಲಸ, ಮಾಡುವವಳು ನಾನು. ವಿಂಡೋಸ್ 7, ಪುಟ ಕಟ್ಟುವ ಪೇಜ್‌ಮೇಕರ್, ಹಳೆಯ ‘ನುಡಿ’ ತಂತ್ರಾಂಶದ ಕನ್ನಡ ಅಕ್ಷರಗಳು, ಎಲ್ಲವೂ ಈ ಒಂದು ಯಂತ್ರದಲ್ಲಿವೆ. ಆ ಅಕ್ಷರಗಳು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಅದೇ ಫೈಲನ್ನು ನುಡಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಚಿ|| ಸೌ||’ ಇದ್ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆದ್ದರಿಂದ ಇದನ್ನು ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ಪೇಟೆಯ ಒಂದು ಅಂಗಡಿಗೆ ಒಯ್ದೆ. ಹುಡುಗ ಆನ್ ಮಾಡಿದ, ಆ ಸಾಲು ಓದಿದ, ಆಫ್ ಮಾಡಿದ. “ಹಾರ್ಡ್ ಡಿಸ್ಕ್ ಹೋಗಿದೆ ಮೇಡಂ. ಹೊಸದು ಹಾಕಿ ಕೊಡುತ್ತೇವೆ. ಹಳೆಯ ಫೈಲುಗಳು ಸಿಗುವುದಿಲ್ಲ.” ಒಂದು ತಿರುಪನ್ನೂ ಬಿಚ್ಚಿರಲಿಲ್ಲ. ಹದಿನಾರು ವರ್ಷದ ದುಡಿಮೆಯನ್ನು ಎರಡು ನಿಮಿಷದಲ್ಲಿ ಇಲ್ಲವಾಗಿಸಿದ ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮನೆಗೆ ಬಂದು ಆನ್ ಮಾಡುತ್ತಲೇ ಎಫ್2 ಒತ್ತಿ, ವಿಂಡೋಸಿಗೂ ಮೊದಲು ಬರುವ ಯಂತ್ರದ ಮೂಲ ಆಯ್ಕೆಗಳ ಪರದೆಯಾದ ಬಯಾಸ್ ತೆರೆದೆ. ಮೊದಲ ಪುಟದಲ್ಲೇ ದಿನಾಂಕವಿತ್ತು: 2012ರ ಜನವರಿ 1. ಸಮಯ ಮಧ್ಯರಾತ್ರಿ ಕಳೆದು ಒಂದು ನಿಮಿಷ. ಪ್ಲಗ್ ಹಾಕಿ ನಾನು ಕುಳಿತು ಒಂದೇ ನಿಮಿಷವಾಗಿತ್ತು. ಅಂದರೆ ಕರೆಂಟ್ ಸಿಕ್ಕ ಗಳಿಗೆಯಿಂದ ಅದು ಹೊಸದಾಗಿ ಕಾಲ ಎಣಿಸುತ್ತಿತ್ತು. ಅದರ ಕೆಳಗೆ ಹಾರ್ಡ್ ಡಿಸ್ಕಿನ ಹೆಸರು, 500 ಜಿಬಿ ಎಂಬ ಅಳತೆ ಸಮೇತ. ಪೂರ್ತಿ ಕೆಟ್ಟ ಡಿಸ್ಕಾಗಿದ್ದರೆ ಸಾಮಾನ್ಯವಾಗಿ ಈ ಹೆಸರೇ ಇರುವುದಿಲ್ಲ. ಅಲ್ಲಿಗೆ ಜೀವ ಬಂತು.

ಗಡಿಯಾರವನ್ನೂ ಬಯಾಸಿನ ಆಯ್ಕೆಗಳನ್ನೂ ಕಾಯುವುದು ಒಳಗಿನ ಒಂದು ಬಿಲ್ಲೆ ಸೆಲ್. ನನ್ನ ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿ ಉಬ್ಬಿಕೊಂಡಿದ್ದರಿಂದ ಕಳೆದ ವರ್ಷವೇ ತೆಗೆದಿಟ್ಟಿದ್ದೆ. ಅಂದಿನಿಂದ ಪ್ಲಗ್ ಕಿತ್ತ ಪ್ರತಿ ರಾತ್ರಿಯೂ ಭಾರವೆಲ್ಲ ಆ ಬಿಲ್ಲೆಯ ಮೇಲೇ ಬಿದ್ದಿತ್ತು. ಅದು ಬರಿದಾದಾಗ ಆಯ್ಕೆಗಳು ಕಾರ್ಖಾನೆಯಲ್ಲಿ ಇಟ್ಟಂತೆ ಹಿಂದಿರುಗಿದವು: ಬೂಟ್ ವಿಧಾನ, ಹೊಸ ಬಗೆಯ ಯುಇಎಫ್‌ಐ. ನನ್ನ ವಿಂಡೋಸ್ ಸ್ಥಾಪಿಸಿದ್ದು ಹಳೆಯ ಲೆಗಸಿ ವಿಧಾನದಲ್ಲಿ. ಡಿಸ್ಕ್ ಎದುರಿಗೇ ಇದ್ದರೂ ಯಂತ್ರ ಅದರಲ್ಲಿ ಬೇರೇನನ್ನೋ ಹುಡುಕುತ್ತಿತ್ತು. ದಿನಾಂಕ ತಿದ್ದಿ, ಲೆಗಸಿ ಎಂದು ಬದಲಿಸಿ, ಎಫ್10 ಒತ್ತಿ ಉಳಿಸಿದೆ. ವಿಂಡೋಸ್ ಬಂತು.

ಬೇರೆ ಯಾವ ಕೆಲಸವನ್ನೂ ಮುಟ್ಟದೆ ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ರಾತ್ರಿ ಹನ್ನೊಂದು ದಾಟಿತ್ತು, ಪ್ಲಗ್ ಕಿತ್ತು ಮಲಗಿದೆ. (ಚಿಹ್ನೆಯೂ ಬಾರದೆ ಬೀಪ್ ಸದ್ದಷ್ಟೇ ಬಂದರೆ ಅದು ಬೇರೆ ರೋಗ. ಹಿಂದೊಮ್ಮೆ ಹಾಗಾದಾಗ ಯಂತ್ರದ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಕಳಚಿ, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸಿದ್ದೆ, ಸರಿಯಾಗಿತ್ತು.)

ಬೆಳಿಗ್ಗೆ ಹಿರಿಯರು ಬರುವಷ್ಟರಲ್ಲಿ ಗಡಿಯಾರ ಮತ್ತೆ 2012ಕ್ಕೆ ಹೋಗಿತ್ತು. ಸೆಲ್ ಬರಿದಾಗಿದೆ ಎಂಬ ಅನುಮಾನ ಖಚಿತವಾಯಿತು. ಮತ್ತೆ ಲೆಗಸಿ ಮಾಡಿ ಪ್ರೂಫ್ ತೆಗೆದುಕೊಟ್ಟೆ. ಅವರು ಕನ್ನಡಕ ಏರಿಸಿ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. “ನಮ್ಮ ದೊಡ್ಡಣ್ಣನ ಹೆಸರು ಮೇಲೆ ಬರಬೇಕು ಕಣಮ್ಮ” ಎಂದರು. ತಿದ್ದಿದೆ.

ಅವರು ಹೋದ ಮೇಲೆ ಚಾರ್ಜರ್ ಕಿತ್ತು, ತಿರುಪುಗಳನ್ನು ಬಟ್ಟಲಿಗೆ ಹಾಕಿ, ಸೆಲ್ ತೆಗೆದೆ. ಪೇಟೆ ಬೀದಿಯ ಕೈಗಡಿಯಾರ ರಿಪೇರಿ ಮಾಡುವ ಯಜಮಾನರು ಅದನ್ನು ಮೀಟರಿಗೆ ಹಿಡಿದರು. ಮೂರು ವೋಲ್ಟ್ ಇರಬೇಕಾದದ್ದು ಎರಡೂ ಇರಲಿಲ್ಲ. “ಸಿಆರ್2032 ಅಲ್ಲವೇನಮ್ಮ, ತೂಕದ ಯಂತ್ರಕ್ಕೂ ಇದನ್ನೇ ಹಾಕುವುದು” ಎನ್ನುತ್ತಾ ಹೊಸದನ್ನು ಕೊಟ್ಟರು. ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ದಿನಾಂಕವನ್ನೂ ಬೂಟ್ ವಿಧಾನವನ್ನೂ ಸರಿಪಡಿಸಿದೆ. ಅಂದಿನಿಂದ ಎಷ್ಟು ಸಲ ಕರೆಂಟ್ ಹೋದರೂ ಗಡಿಯಾರ ತಪ್ಪಿಲ್ಲ.

ಸೆಲ್ ಹಾಕಿದ ತಾರೀಕನ್ನೂ ‘ಬೂಟ್: ಲೆಗಸಿ’ ಎಂಬುದನ್ನೂ ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಅಡಿಗೆ ಅಂಟಿಸಿದ್ದೇನೆ. ನಾಳೆ ಯಾರೇ ಬಿಚ್ಚಿದರೂ ಮೊದಲು ಅದನ್ನು ಓದಲಿ.