ಪಿಐಡಿ ಗೊತ್ತಿದ್ದ ಮಾತ್ರಕ್ಕೆ ಪ್ರೊಸೆಸ್ ಗೊತ್ತಾದಂತಲ್ಲ

ಒಂದು ಪ್ರೊಸೆಸ್ (ಅಂದರೆ ಚಾಲೂ ಆಗಿರುವ ಪ್ರೋಗ್ರಾಮ್) ಇನ್ನೂ ಓಡುತ್ತಿದೆಯೇ, ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ಪೈಥಾನ್‌ನಿಂದ ಕೇಳಲು ಹತ್ತು ಸಾಲು ಕೋಡ್ ಸಾಕು. ಆ ಹತ್ತು ಸಾಲು ಬರೆದವರ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಸರ್ವರ್‌ನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಮಾತ್ರ ಒಂದು ದಿನ ಸತ್ತಿರುವ ಪ್ರೊಸೆಸ್ ಬದುಕಿದೆ ಎನ್ನುತ್ತದೆ, ಇಲ್ಲವೇ ಸಂಬಂಧವೇ ಇಲ್ಲದ ಇನ್ಯಾವುದನ್ನೋ ಕೊಂದು ಹಾಕುತ್ತದೆ. ಬಹುತೇಕ ಸಲ ಬೇರು ಒಂದೇ: ಪಿಐಡಿಯನ್ನು, ಅಂದರೆ ಆಪರೇಟಿಂಗ್ ಸಿಸ್ಟಮ್ ಪ್ರತಿ ಪ್ರೊಸೆಸ್‌ಗೂ ಕೊಡುವ ನಂಬರನ್ನು, ಗುರುತಿನ ಚೀಟಿ ಎಂದುಕೊಂಡಿರುವುದು. ಅದು ಬರೀ ಟೋಕನ್ ನಂಬರ್. ಒಬ್ಬರು ಎದ್ದು ಹೋದರೆ ಅದೇ ಟೋಕನ್ ಇನ್ನೊಬ್ಬರ ಕೈಗೆ ಸಿಗುತ್ತದೆ.

ಲಿನಕ್ಸ್‌ನಲ್ಲಿ ಈ ನಂಬರಿನ ಮಿತಿ /ಪ್ರಾಕ್/ಸಿಸ್/ಕರ್ನಲ್/ಪಿಐಡಿ_ಮ್ಯಾಕ್ಸ್ ಎಂಬ ಫೈಲಿನಲ್ಲಿದೆ. ಹಳೆಯ ಡೀಫಾಲ್ಟ್ 32768. 64 ಬಿಟ್ ಯಂತ್ರದಲ್ಲಿ 4194304ರ ತನಕ ಏರಿಸಬಹುದು. ಮಿತಿ ಮುಟ್ಟಿದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮತ್ತೆ ಕೆಳಗಿನಿಂದ ಖಾಲಿ ನಂಬರ್ ಹುಡುಕಿ ಹಂಚುತ್ತದೆ. ಸೆಕೆಂಡಿಗೆ 10 ಪ್ರೊಸೆಸ್ ಹುಟ್ಟಿಸುವ ಶೆಲ್ ಸ್ಕ್ರಿಪ್ಟ್ ಒಂದಿದ್ದರೆ 32768 ನಂಬರ್ ತೀರಲು ಒಂದು ಗಂಟೆಯೂ ಬೇಡ.

ಬದುಕಿದೆಯೇ ಎಂದು ನೋಡಲು ಎಲ್ಲರೂ ಬಳಸುವುದು ಓಎಸ್.ಕಿಲ್‌ಗೆ ಪಿಐಡಿ ಜೊತೆ ಸಿಗ್ನಲ್ 0 ಕೊಡುವ ಉಪಾಯ. ಯೂನಿಕ್ಸ್ ಕುಟುಂಬದಲ್ಲಿ ಇದರಿಂದ ಸಿಗ್ನಲ್ ಹೋಗುವುದಿಲ್ಲ, ತಪಾಸಣೆ ಮಾತ್ರ ನಡೆಯುತ್ತದೆ. ಪ್ರೊಸೆಸ್‌ಲುಕಪ್‌ಎರರ್ ಬಂದರೆ ಆ ನಂಬರಿನಲ್ಲಿ ಯಾರೂ ಇಲ್ಲ. ಪರ್ಮಿಷನ್‌ಎರರ್ ಬಂದರೆ ಪ್ರೊಸೆಸ್ ಇದೆ, ಅದು ಬೇರೆ ಯೂಸರ್‌ನದು. ಎರಡನ್ನೂ ಒಂದೇ ಎಕ್ಸೆಪ್ಟ್‌ನಲ್ಲಿ ಹಿಡಿದು 'ಇಲ್ಲ' ಎಂದು ಉತ್ತರಿಸುವ ಕೋಡ್ ಬೇಕಾದಷ್ಟಿದೆ. ಪಿಐಡಿ ಬರೆದಿಟ್ಟುಕೊಳ್ಳುವ ಫೈಲಿನಲ್ಲಿ (ಪಿಐಡಿ ಫೈಲ್) ಏನೋ ಎಡವಟ್ಟಾಗಿ 0 ಕೂತಿದ್ದರೆ ಕರೆ ಸದಾ ಯಶಸ್ವಿ, ಏಕೆಂದರೆ 0 ಎಂದರೆ ಕರೆದವರದೇ ಪ್ರೊಸೆಸ್ ಗುಂಪು. -1 ಇನ್ನೂ ಅಪಾಯಕಾರಿ: ನಿಮಗೆ ಅನುಮತಿ ಇರುವ ಎಲ್ಲ ಪ್ರೊಸೆಸ್‌ಗಳಿಗೂ ಅನ್ವಯ. ಹಾಗಾಗಿ ಫೈಲಿನಿಂದ ಓದಿದ ನಂಬರ್ 1ಕ್ಕಿಂತ ದೊಡ್ಡದೇ ಎಂದು ಮೊದಲು ನೋಡಿ, ಆಮೇಲೆ ಕಿಲ್ ಮುಟ್ಟಿ.

ವಿಂಡೋಸ್‌ನಲ್ಲಂತೂ ಈ ಉಪಾಯವನ್ನು ಮರೆತುಬಿಡಿ. ಅಲ್ಲಿ ಪೈಥಾನ್‌ಗೆ 0 ಎಂದರೆ ಕಂಟ್ರೋಲ್-ಸಿ ಈವೆಂಟ್, 1 ಎಂದರೆ ಕಂಟ್ರೋಲ್-ಬ್ರೇಕ್. ಉಳಿದ ಯಾವ ನಂಬರ್ ಕೊಟ್ಟರೂ ಪ್ರೊಸೆಸ್ ಅಲ್ಲಿಗೇ ಖತಂ. ಲಿನಕ್ಸ್‌ನಲ್ಲಿ ಪ್ರಶ್ನೆಯಾಗಿದ್ದದ್ದು ಅಲ್ಲಿ ಅಪ್ಪಣೆಯಾಗುತ್ತದೆ.

ಇನ್ನು ಜೋಂಬಿಗಳು. ಪ್ರೊಸೆಸ್ ಮುಗಿದಿದ್ದರೂ ಅದರ ಪೇರೆಂಟ್ ವೇಟ್ ಮಾಡಿ ಎಕ್ಸಿಟ್ ಕೋಡ್ ತೆಗೆದುಕೊಳ್ಳುವವರೆಗೆ ಆ ಪಿಐಡಿ ಖಾಲಿಯಾಗದು. ಸಿಗ್ನಲ್ 0 ಅಲ್ಲೂ 'ಇದೆ' ಎನ್ನುತ್ತದೆ. ನೀವೇ ಸಬ್‌ಪ್ರೊಸೆಸ್‌ನಿಂದ ಹುಟ್ಟಿಸಿದ್ದಾದರೆ ಕಿಲ್‌ನ ಗೊಡವೆಯೇ ಬೇಡ, ಪೋಲ್ ಮೆಥಡ್ ಕರೆಯಿರಿ. ಬೇರೆಯವರದ್ದಾದರೆ ಸ್ಥಿತಿಯ ಅಕ್ಷರ ನೋಡಲೇಬೇಕು. ಅದು ಸಿಗುವುದು /ಪ್ರಾಕ್/ಪಿಐಡಿ/ಸ್ಟ್ಯಾಟ್ ಫೈಲಿನಲ್ಲಿ.

ಈ ಫೈಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದೇ ಸಾಲು, ಸ್ಪೇಸ್‌ನಿಂದ ಬೇರೆಯಾದ ಐವತ್ತಕ್ಕೂ ಮಿಕ್ಕಿದ ಫೀಲ್ಡ್‌ಗಳು. ಮೊದಲನೆಯದು ಪಿಐಡಿ, ಎರಡನೆಯದು ಬ್ರಾಕೆಟ್‌ನೊಳಗೆ ಹೆಸರು, ಮೂರನೆಯದು ಸ್ಥಿತಿ. ಕಾಟ ಕೊಡುವುದು ಎರಡನೆಯದು. ಟಿಮಕ್ಸ್ ಸರ್ವರ್‌ನ ಹೆಸರಿನ ನಡುವೆಯೇ ಒಂದು ಸ್ಪೇಸ್ ಇದೆ. ಸಿಸ್ಟಮ್‌ಡಿ ಹುಟ್ಟಿಸುವ ಎಸ್‌ಡಿ-ಪ್ಯಾಮ್ ಪ್ರೊಸೆಸ್‌ನ ಹೆಸರಿಗೇ ಬ್ರಾಕೆಟ್ ಇರುವುದರಿಂದ ಸ್ಟ್ಯಾಟ್‌ನಲ್ಲಿ ((ಎಸ್‌ಡಿ-ಪ್ಯಾಮ್)) ಎಂದು ಜೋಡಿ ಬ್ರಾಕೆಟ್ ಕಾಣುತ್ತದೆ. ಇಡೀ ಸಾಲಿಗೆ ನೇರವಾಗಿ ಸ್ಪ್ಲಿಟ್ ಹಾಕಿದರೆ ಟಿಮಕ್ಸ್ ಬಂದಾಗ ಎಲ್ಲ ಫೀಲ್ಡ್‌ಗಳೂ ಒಂದು ಮನೆ ಮುಂದೆ ಸರಿಯುತ್ತವೆ. ಎರರ್ ಬರುವುದಿಲ್ಲ, ತಪ್ಪು ನಂಬರ್ ಬರುತ್ತದೆ. ಆದ್ದರಿಂದ ಆರ್‌ಫೈಂಡ್‌ನಿಂದ ಸಾಲಿನ ಕೊನೆಯ ಮುಚ್ಚುವ ಬ್ರಾಕೆಟ್ ಹುಡುಕಿ, ಅದರ ಮುಂದಿನ ಭಾಗವನ್ನು ಮಾತ್ರ ಸ್ಪ್ಲಿಟ್ ಮಾಡಿ. ಆಗ ಪಟ್ಟಿಯ 0ನೇ ಸ್ಥಾನದಲ್ಲಿ ಸ್ಥಿತಿ ಇರುತ್ತದೆ, ಮ್ಯಾನ್ ಪೇಜ್‌ನ (ಲಿನಕ್ಸ್ ಕೈಪಿಡಿಯ) ಫೀಲ್ಡ್ ನಂಬರಿನಿಂದ 3 ಕಳೆದರೆ ನಿಮ್ಮ ಇಂಡೆಕ್ಸ್: ಯೂಸರ್ ಸಮಯ 11, ಸಿಸ್ಟಮ್ ಸಮಯ 12, ಶುರುವಾದ ಹೊತ್ತು 19, ಆರ್‌ಎಸ್‌ಎಸ್ (ಪ್ರೊಸೆಸ್ ಈಗ ರ‍್ಯಾಮ್‌ನಲ್ಲಿ ಹಿಡಿದಿರುವ ಮೆಮೊರಿ) 21.

ಫೈಲನ್ನು ಬೈಟ್ ರೂಪದಲ್ಲೇ ಓದಿ. ಹೆಸರಿಗೆ ಕರ್ನಲ್ ಕೊಡುವ ಜಾಗ 15 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಒತ್ತು-ಗುಣಿತಗಳೂ ಬೇರೆ ಲೆಕ್ಕ. ಮುಂದೊಂದು ಇಂಗ್ಲಿಷ್ ಅಕ್ಷರವಿಟ್ಟು ಕನ್ನಡದ ಹೆಸರು ಕೊಟ್ಟರೆ ಐದನೇ ಚಿಹ್ನೆಯ ನಡುವೆಯೇ ಕತ್ತರಿ ಬೀಳುತ್ತದೆ, ಟೆಕ್ಸ್ಟ್ ಮೋಡ್‌ನಲ್ಲಿ ತೆರೆದ ಪೈಥಾನ್ ಯೂನಿಕೋಡ್‌ಡಿಕೋಡ್‌ಎರರ್ ಎಸೆಯುತ್ತದೆ.

ಒಂದು ಲೆಕ್ಕ ನೋಡೋಣ. ಯೂಸರ್ ಸಮಯ 1250, ಸಿಸ್ಟಮ್ ಸಮಯ 350 ಎಂದು ಬಂತೆನ್ನಿ. ಇವು ಕ್ಲಾಕ್ ಟಿಕ್‌ಗಳು. ಸೆಕೆಂಡಿಗೆ ಎಷ್ಟು ಟಿಕ್ ಎಂಬುದನ್ನು ಸಿಸ್‌ಕಾನ್ಫ್‌ನಿಂದ ಕೇಳಿ, ಸಾಮಾನ್ಯವಾಗಿ 100. ಅಂದರೆ ಒಟ್ಟು 16 ಸೆಕೆಂಡ್ ಸಿಪಿಯು ಬಳಕೆ. 2 ಸೆಕೆಂಡ್ ಬಿಟ್ಟು ಓದಿದಾಗ ಮೊತ್ತ 1650 ಆಗಿದ್ದರೆ, 50 ಟಿಕ್ ಎಂದರೆ ಅರ್ಧ ಸೆಕೆಂಡ್, ಅಂದರೆ ಒಂದು ಕೋರ್‌ನ 25 ಪ್ರತಿಶತ. ಶುರುವಾದ ಹೊತ್ತು 884200 ಇದ್ದರೆ ಯಂತ್ರ ಬೂಟ್ ಆಗಿ 8842 ಸೆಕೆಂಡಿಗೆ ಈ ಪ್ರೊಸೆಸ್ ಹುಟ್ಟಿದೆ. ಆರ್‌ಎಸ್‌ಎಸ್ 25600 ಎಂಬುದು ಪೇಜ್‌ಗಳ (ಕರ್ನಲ್ ಮೆಮೊರಿ ಹಂಚುವ ತುಂಡುಗಳ) ಎಣಿಕೆ. ಪೇಜ್ 4096 ಬೈಟ್ ಆದರೆ 100 ಎಂಐಬಿ. ಕೆಲವು 64 ಬಿಟ್ ಆರ್ಮ್ ಯಂತ್ರಗಳಲ್ಲಿ ಪೇಜ್ 16384 ಅಥವಾ 65536 ಬೈಟ್ ಇರುವುದುಂಟು, ಆದ್ದರಿಂದ 4096 ಎಂದು ಕೋಡ್‌ನಲ್ಲೇ ಬರೆದಿಡಬೇಡಿ.

ಆ ಶುರುವಾದ ಹೊತ್ತೇ ನಿಜವಾದ ಗುರುತಿನ ಇನ್ನರ್ಧ. ಪಿಐಡಿ ಫೈಲಿನಲ್ಲಿ ಎರಡೂ ನಂಬರ್ ಬರೆದಿಡಿ. ಫೈಲ್ ರೀಬೂಟ್ ನಂತರವೂ ಉಳಿಯುವುದಾದರೆ /ಪ್ರಾಕ್/ಸಿಸ್/ಕರ್ನಲ್/ರ‍್ಯಾಂಡಮ್/ಬೂಟ್_ಐಡಿ ಕೂಡ ಬೇಕು, ಏಕೆಂದರೆ ಟಿಕ್‌ಗಳ ಎಣಿಕೆ ಪ್ರತಿ ಬೂಟ್‌ಗೂ ಸೊನ್ನೆಯಿಂದ ಶುರು. ಪಿಎಸ್‌ಯುಟಿಲ್ ಲೈಬ್ರರಿ ಮಾಡುವುದೂ ಇದನ್ನೇ: ಅದರ ಪ್ರೊಸೆಸ್ ಆಬ್ಜೆಕ್ಟ್ ಪಿಐಡಿಯನ್ನೂ ಹುಟ್ಟಿದ ಸಮಯವನ್ನೂ ಇಟ್ಟುಕೊಳ್ಳುತ್ತದೆ, ಟರ್ಮಿನೇಟ್ ಅಥವಾ ಕಿಲ್ ಮಾಡುವ ಮೊದಲು ಹೋಲಿಸುತ್ತದೆ. ಆದರೂ ನೋಡುವುದಕ್ಕೂ ಹೊಡೆಯುವುದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಅದನ್ನೂ ಮುಚ್ಚಬೇಕೆಂದರೆ ಲಿನಕ್ಸ್ 5.3ರಿಂದ ಇರುವ, ಪೈಥಾನ್ 3.9ರಲ್ಲಿ ಸೇರಿದ ಓಎಸ್.ಪಿಐಡಿಎಫ್‌ಡಿ_ಓಪನ್ ಬಳಸಿ. ಅದು ಆ ಒಂದು ಪ್ರೊಸೆಸ್‌ಗೇ ಅಂಟಿಕೊಳ್ಳುವ ಹಿಡಿ (ಹ್ಯಾಂಡಲ್) ಕೊಡುತ್ತದೆ. ಮೊದಲು ಹಿಡಿ ತೆರೆಯಿರಿ, ಆಮೇಲೆ ಶುರುವಾದ ಹೊತ್ತು ಹೋಲಿಸಿ, ಕೊನೆಗೆ ಪಿಐಡಿಎಫ್‌ಡಿ_ಸೆಂಡ್_ಸಿಗ್ನಲ್. ಈ ಅನುಕ್ರಮ ತಲೆಕೆಳಗಾದರೆ ಪ್ರಯೋಜನವಿಲ್ಲ.

ಪಿಎಸ್‌ಯುಟಿಲ್‌ನ ಸಿಪಿಯು_ಪರ್ಸೆಂಟ್ ಮೊದಲ ಕರೆಗೆ 0.0 ಕೊಡುತ್ತದೆ, ಹೋಲಿಸಲು ಹಿಂದಿನ ಓದು ಇಲ್ಲವಲ್ಲ. ಲೂಪ್‌ನ ಪ್ರತಿ ಸುತ್ತಿಗೂ ಹೊಸ ಆಬ್ಜೆಕ್ಟ್ ಕಟ್ಟಿದರೆ ಸದಾ 0.0. ಆಬ್ಜೆಕ್ಟ್ ಉಳಿಸಿಕೊಳ್ಳಿ, ಎರಡು ಕರೆಗಳ ನಡುವೆ ಕನಿಷ್ಠ 0.1 ಸೆಕೆಂಡ್ ಬಿಡಿ. ಹಲವು ಥ್ರೆಡ್‌ಗಳಿದ್ದರೆ 100 ದಾಟುವುದು ಸಹಜ, ಬಗ್ ಅಲ್ಲ.

ಮೆಮೊರಿಯ ವಿಷಯದಲ್ಲಿ ಹತ್ತು ವರ್ಕರ್‌ಗಳ ಆರ್‌ಎಸ್‌ಎಸ್ ಕೂಡಿಸಿ ಗಾಬರಿಯಾಗಬೇಡಿ. ಹಂಚಿಕೊಂಡ ಪೇಜ್‌ಗಳು ಹತ್ತು ಸಲ ಎಣಿಕೆಯಾಗಿರುತ್ತವೆ. ಸ್ಮ್ಯಾಪ್ಸ್_ರೋಲಪ್ ಫೈಲಿನ ಪಿಎಸ್‌ಎಸ್ (ಹಂಚಿಕೊಂಡ ಪೇಜ್‌ಗಳನ್ನು ಪಾಲು ಮಾಡಿದ ಲೆಕ್ಕ) ಕೂಡಿಸಿದರೆ ಲೆಕ್ಕ ಕೂಡಿಬರುತ್ತದೆ, ಲಿನಕ್ಸ್ 4.14ರಿಂದ ಇದೆ. ಗೆಟ್‌ಆರ್‌ಯೂಸೇಜ್ ಕೊಡುವ ಮ್ಯಾಕ್ಸ್‌ಆರ್‌ಎಸ್‌ಎಸ್ ಈಗಿನದ್ದಲ್ಲ, ಇದುವರೆಗಿನ ಗರಿಷ್ಠ. ಅದೂ ಲಿನಕ್ಸ್‌ನಲ್ಲಿ ಕಿಲೋಬೈಟ್, ಮ್ಯಾಕ್‌ಓಎಸ್‌ನಲ್ಲಿ ಬೈಟ್. ಗ್ರಾಫ್ ಒಮ್ಮೆಲೇ ಸಾವಿರ ಪಟ್ಟು ಜಿಗಿದಿದ್ದರೆ ಮೊದಲು ಇಲ್ಲಿ ನೋಡಿ.

ಕಂಟೇನರ್ ಒಳಗೆ ಓಎಸ್.ಸಿಪಿಯು_ಕೌಂಟ್ ಹೇಳುವುದು ಇಡೀ ಯಂತ್ರದ ಕೋರ್‌ಗಳನ್ನು. ಪ್ರೊಸೆಸ್‌ಗೆ ಓಡಲು ಬಿಟ್ಟಿರುವ ಕೋರ್‌ಗಳನ್ನು ಹೇಳುವ ಶೆಡ್_ಗೆಟ್‌ಅಫಿನಿಟಿ ಸ್ವಲ್ಪ ವಾಸಿ, ಆದರೆ ಸಿಗ್ರೂಪ್ (ಪ್ರೊಸೆಸ್ ಗುಂಪಿಗೆ ಸಿಪಿಯು, ಮೆಮೊರಿ ಮಿತಿ ಹಾಕುವ ಲಿನಕ್ಸ್ ವ್ಯವಸ್ಥೆ) ಕೋಟಾ ಅದಕ್ಕೂ ಕಾಣದು. ಸಿಗ್ರೂಪ್ 2ರಲ್ಲಿ ಸಿಪಿಯು.ಮ್ಯಾಕ್ಸ್ ಫೈಲ್ ಓದಿ: 50000 100000 ಎಂದಿದ್ದರೆ ಅರ್ಧ ಕೋರ್. ಮೊದಲ ಪದ ಮ್ಯಾಕ್ಸ್ ಎಂದೇ ಇದ್ದರೆ ಮಿತಿ ಇಲ್ಲ, ಅದನ್ನು ನೇರ ಇಂಟ್‌ಗೆ ಹಾಕಿದರೆ ವ್ಯಾಲ್ಯೂಎರರ್.

ಎಲ್ಲ ಪ್ರೊಸೆಸ್‌ಗಳನ್ನು ಸುತ್ತುವಾಗ ಕೆಲವು ನಡುವೆಯೇ ಸಾಯುತ್ತವೆ. ತೆರೆಯುವ ಮೊದಲೇ ಸತ್ತರೆ ಫೈಲ್‌ನಾಟ್‌ಫೌಂಡ್‌ಎರರ್, ತೆರೆದ ಮೇಲೆ ಓದುವಷ್ಟರಲ್ಲಿ ಸತ್ತರೆ ಪ್ರೊಸೆಸ್‌ಲುಕಪ್‌ಎರರ್. ಎರಡನ್ನೂ ಹಿಡಿದು ಮುಂದಕ್ಕೆ ಹೋಗಿ. ಪಿಎಸ್‌ಯುಟಿಲ್‌ನ ಪ್ರೊಸೆಸ್_ಇಟರ್‌ಗೆ ಬೇಕಾದ ಫೀಲ್ಡ್‌ಗಳ ಪಟ್ಟಿ ಕೊಟ್ಟಿದ್ದರೆ, ಅನುಮತಿ ಇಲ್ಲದ ಕಡೆ ಎಕ್ಸೆಪ್ಷನ್ ಬರುವುದಿಲ್ಲ, ಆ ಫೀಲ್ಡ್‌ನಲ್ಲಿ ಪೈಥಾನ್‌ನ ನನ್ (None, 'ಏನೂ ಇಲ್ಲ') ಬಂದು ಕೂರುತ್ತದೆ. ರೂಟ್ ಆಗಿ ಪರೀಕ್ಷಿಸಿದಾಗ ಸರಿಯಾಗಿ ಕೂಡಿಸುತ್ತಿದ್ದ ಸ್ಕ್ರಿಪ್ಟ್ ಮಾಮೂಲಿ ಯೂಸರ್ ಕೈಯಲ್ಲಿ ಟೈಪ್‌ಎರರ್ ಕೊಟ್ಟು ಬೀಳುವುದು ಅಲ್ಲಿಯೇ.