ಹಾಲಿನ ಹದ ಎಂದರೆ ಯಾವ ಹಾಲು?

ಪ್ಲಾಸ್ಟಿಕ್ ಮಾದರಿ ವಿಮಾನಗಳಿಗೆ ಬಣ್ಣ ಹೊಡೆಯಲೆಂದು, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೈಗೆತ್ತಿಕೊಂಡ ಹೊಸಬರಿಗೆಲ್ಲ ಸಿಗುವ ಮೊದಲ ಉಪದೇಶವೆಂದರೆ, ಬಣ್ಣವನ್ನು ಹಾಲಿನ ಹದಕ್ಕೆ ತೆಳುಮಾಡಿಕೊಳ್ಳಬೇಕು ಎಂಬುದು. ನಮ್ಮ ಮನೆಗೆ ಬರುವ ನಂದಿನಿಯ ನೀಲಿ ಪೊಟ್ಟಣದ ಹಾಲಿಗೂ ಹಬ್ಬದ ದಿನ ತರುವ ಕಿತ್ತಳೆ ಪೊಟ್ಟಣದ ಹಾಲಿಗೂ ಕೆನೆಯಲ್ಲಿಯೇ ವ್ಯತ್ಯಾಸವಿರುವಾಗ, ಇಲ್ಲಿ ಹೇಳುತ್ತಿರುವುದು ಯಾವ ಹಾಲು ಎಂದು ನಾನು ಆಗ ಯಾರನ್ನೂ ಕೇಳಲಿಲ್ಲ. ಕೇಳದಿದ್ದುದರ ಫಲವಾಗಿ 1/72 ಅಳತೆಯ, ಎಂದರೆ ನಿಜವಾದದ್ದರ ಎಪ್ಪತ್ತೆರಡರಲ್ಲೊಂದು ಪಾಲಿನ, ನನ್ನ ಮೊದಲ ಸ್ಪಿಟ್‌ಫೈರ್ ಯುದ್ಧವಿಮಾನದ ಮಾದರಿಯ ರೆಕ್ಕೆ ಉಪ್ಪುಕಾಗದದಷ್ಟು ಒರಟಾಯಿತು. ಆ ಅಳತೆಯಲ್ಲಿ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ದಪ್ಪವೆಂದರೆ ನಿಜವಾದ ವಿಮಾನದ ಮೇಲೆ ಏಳು ಮಿಲಿಮೀಟರಿಗೂ ಹೆಚ್ಚು. ಗಾರೆ ಮೆತ್ತಿದ ವಿಮಾನ ಹಾರೀತೆಂದು ಯಾರೂ ನಂಬುವುದಿಲ್ಲ.

ಹದಕ್ಕಿಂತ ಮೊದಲು ತಿಳಿಯಬೇಕಾದದ್ದು, ಶೀಶೆಯೊಳಗಿನ ಬಣ್ಣ ಯಾವ ದ್ರವದಲ್ಲಿ ನಿಂತಿದೆ ಎಂಬುದನ್ನು. ಅಕ್ರಿಲಿಕ್ ಎಂಬ ಒಂದೇ ಹೆಸರಿನಡಿ ಅಂಗಡಿಯಲ್ಲಿ ಎರಡು ಬೇರೆ ಬೇರೆ ಜಾತಿಯ ಬಣ್ಣಗಳು ಮಾರಾಟವಾಗುತ್ತವೆ. ಜಪಾನಿನ ತಮಿಯಾ ಬಣ್ಣದ ದ್ರವದಲ್ಲಿ ಆಲ್ಕೋಹಾಲಿನದೇ ಮುಖ್ಯ ಪಾತ್ರ. ಮೂಗಿನ ಹತ್ತಿರ ಹಿಡಿದರೆ ವಾಸನೆಯೇ ಅದನ್ನು ಹೇಳುತ್ತದೆ. ಸ್ಪೇನಿನ ವಲ್ಲೆಹೋ ಬಣ್ಣ ಹಾಗಲ್ಲ. ಅದರಲ್ಲಿ ಅಕ್ರಿಲಿಕ್ಕಿನ ಅತಿಸೂಕ್ಷ್ಮ ಕಣಗಳು, ಹಾಲಿನಲ್ಲಿ ಜಿಡ್ಡಿನ ಕಣಗಳು ತೇಲುವಂತೆ, ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದ ಮೇಲೆಯೇ ಅವು ಒಂದಕ್ಕೊಂದು ಒತ್ತಿಕೊಂಡು, ಬೆಸೆದುಕೊಂಡು ಪದರವಾಗುತ್ತವೆ. ಮೊದಲನೆಯ ಜಾತಿಗೆ ಒಗ್ಗುವ ಥಿನ್ನರ್ (ಬಣ್ಣ ತೆಳುಮಾಡುವ ದ್ರವ) ಎರಡನೆಯದಕ್ಕೆ ವಿಷವಾಗಬಹುದು ಎಂಬುದನ್ನು ನಾನು ಕಲಿತದ್ದು ಒಂದು ಭಾನುವಾರ ಮಧ್ಯಾಹ್ನ, ನೀರಿನ ಜಾತಿಯ ಬಣ್ಣವೊಂದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿದಾಗ. ನಿಂಬೆರಸ ಬಿದ್ದ ಹಾಲಿನಂತೆ ಅದು ಏರ್‌ಬ್ರಷ್ಷಿನ ಬಟ್ಟಲಿನಲ್ಲೇ ಒಡೆದು ಗಂಟುಗಂಟಾಯಿತು. ಸೂಜಿಯನ್ನೂ ನಳಿಕೆಯನ್ನೂ ಬಿಚ್ಚಿ, ರಬ್ಬರಿನಂತಾಗಿದ್ದ ಆ ಗಷ್ಟನ್ನು ತೆಗೆಯುವುದರಲ್ಲಿ ಸಂಜೆಯಾಯಿತು. ಹಾಲಿನ ಹೋಲಿಕೆ ಇಷ್ಟು ಅಕ್ಷರಶಃ ನಿಜವಾಗುತ್ತದೆಂದು ನಾನು ಎಣಿಸಿರಲಿಲ್ಲ.

ತಮಿಯಾ ಬಣ್ಣಕ್ಕೆ ಅದೇ ಕಂಪನಿಯ ಎಕ್ಸ್-20ಎ ಥಿನ್ನರ್ ಸುರಕ್ಷಿತ ಆಯ್ಕೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲೆಂದು ಮಾರುವ ಐಸೋಪ್ರೊಪೈಲ್ ಆಲ್ಕೋಹಾಲ್ ಸಹ ಕೆಲಸ ಮಾಡುತ್ತದೆ, ಬೆಲೆಯೂ ಕಡಿಮೆ. ಆದರೆ ಅದು ಬೇಗ ಆರುವುದರಿಂದ ಸೂಜಿಯ ತುದಿಯಲ್ಲೇ ಬಣ್ಣ ಕಟ್ಟಿಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಜಿಎಸ್‌ಐ ಕ್ರಿಯೋಸ್ ಕಂಪನಿಯ ಮಿಸ್ಟರ್ ಲೆವೆಲಿಂಗ್ ಥಿನ್ನರ್. ಅದು ತೀಕ್ಷ್ಣ ದ್ರಾವಕದ ಲ್ಯಾಕರ್ ಬಣ್ಣಕ್ಕೆಂದು ಮಾಡಿದ್ದಾದರೂ ತಮಿಯಾದೊಂದಿಗೆ ಚೆನ್ನಾಗಿ ಬೆರೆಯುತ್ತದೆ, ಅದರಲ್ಲಿರುವ ರಿಟಾರ್ಡರ್ ಆರುವಿಕೆಯನ್ನು ನಿಧಾನಗೊಳಿಸುವುದರಿಂದ ಬಣ್ಣಕ್ಕೆ ಹರಡಿಕೊಂಡು ಸಮತಟ್ಟಾಗುವಷ್ಟು ಸಮಯ ಸಿಗುತ್ತದೆ. ವಾಸನೆ ಮಾತ್ರ ತೀಕ್ಷ್ಣವಾದದ್ದು. ಸಾವಯವ ಆವಿಯನ್ನು ತಡೆಯುವ ಫಿಲ್ಟರ್ ಇರುವ ಮಾಸ್ಕ್ ಇಲ್ಲದೆ, ಕಿಟಕಿ ತೆರೆಯದೆ ಅದನ್ನು ಸಿಂಪಡಿಸಬಾರದು. ಅಕ್ರಿಲಿಕ್ ಎಂದು ಬರೆದಿರುವ ಮಾತ್ರಕ್ಕೆ ಹಬೆ ನಿರಪಾಯಕಾರಿ ಎಂದು ತಿಳಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೇವಲ ನೀರಿನ ಬಣ್ಣವನ್ನೇ ಸಿಂಪಡಿಸಿದರೂ ಸೂಕ್ಷ್ಮ ಕಣಗಳು ಶ್ವಾಸಕೋಶಕ್ಕೆ ಇಳಿಯುವುದು ತಪ್ಪುವುದಿಲ್ಲ.

ಇಲ್ಲಿ ಇನ್ನೊಂದು ಮೂರ್ಖತನವನ್ನೂ ಒಪ್ಪಿಕೊಂಡುಬಿಡುತ್ತೇನೆ. ಆಲ್ಕೋಹಾಲ್ ಮುಗಿದುಹೋಗಿದ್ದ ದಿನ, ಕೊರೋನಾ ಕಾಲದಿಂದ ಮನೆಯಲ್ಲಿ ಉಳಿದಿದ್ದ ಕೈ ಸ್ಯಾನಿಟೈಸರನ್ನು ತಮಿಯಾ ಬಣ್ಣಕ್ಕೆ ಬೆರೆಸಿದೆ. ಕೈಯ ಚರ್ಮ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ; ಆ ಗ್ಲಿಸರಿನ್ ಆರುವುದೂ ಇಲ್ಲ, ಹೋಗುವುದೂ ಇಲ್ಲ. ಮೂರು ದಿನ ಕಳೆದರೂ ರೆಕ್ಕೆ ಮುಟ್ಟಿದರೆ ಬೆರಳಚ್ಚು ಮೂಡುತ್ತಿತ್ತು.

ನೀರಿನ ಜಾತಿಯ ಬಣ್ಣಕ್ಕೆ ನೀರೇ ಸಾಕಲ್ಲವೇ ಎಂಬ ಪ್ರಶ್ನೆ ಸಹಜ, ಮತ್ತು ಸ್ವಲ್ಪ ಮಟ್ಟಿಗೆ ಸಾಕು ಕೂಡ. ಆದರೆ ನೀರಿನ ಮೇಲ್ಮೈ ಎಳೆತ ಆಲ್ಕೋಹಾಲಿನದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿರುವುದರಿಂದ, ನೀರು ಮಿತಿಮೀರಿದ ಬಣ್ಣ ಕೆಸುವಿನ ಎಲೆಯ ಮೇಲಿನ ಹನಿಯಂತೆ ಪ್ಲಾಸ್ಟಿಕ್ಕಿನ ಮೇಲೆ ಹರಡದೆ ಗುಂಡಾಗಿ ಕೂರುತ್ತದೆ. ಇದರೊಂದಿಗೆ ಇನ್ನೊಂದು ತೊಂದರೆಯೂ ಇದೆ: ಬಂಧಿಸುವ ಅಕ್ರಿಲಿಕ್ ಕಣಗಳು ಅತಿಯಾಗಿ ಚದುರಿಹೋದರೆ ಒಣಗಿದ ಪದರಕ್ಕೆ ಹಿಡಿತವೇ ಇರುವುದಿಲ್ಲ, ಬಣ್ಣ ತಾಗಬಾರದ ಕಡೆ ಅಂಟಿಸಿದ ಮಾಸ್ಕಿಂಗ್ ಟೇಪ್ ಎತ್ತಿದಾಗ ಬಣ್ಣವೂ ಜೊತೆಯಲ್ಲೇ ಎದ್ದು ಬರುತ್ತದೆ. ಅದೇ ತಯಾರಕರ ಏರ್‌ಬ್ರಷ್ ಥಿನ್ನರ್ ಬಳಸಿ, ಬಣ್ಣ ಸರಾಗವಾಗಿ ಹರಿಯಲು ನೆರವಾಗುವ ಫ್ಲೋ ಇಂಪ್ರೂವರ್ ಎರಡು ಹನಿ ಹಾಕಿ, ಪ್ಲಾಸ್ಟಿಕ್ಕಿಗೆ ಮೊದಲು ಬಣ್ಣ ಹಿಡಿಯಲು ನೆರವಾಗುವ ತಳಪದರವಾದ ಪ್ರೈಮರ್ ಹೊಡೆದುಕೊಂಡರೆ ಈ ಎರಡೂ ತೊಂದರೆಗಳು ಬಹುಪಾಲು ನೀಗುತ್ತವೆ. ನೀರನ್ನೇ ಬೆರೆಸಬೇಕೆಂದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇರಲಿ. ಬೋರ್‌ವೆಲ್ಲಿನ ಗಡಸು ನೀರು ಕೊಳಾಯಿಯ ಮೇಲೆ ಬಿಡುವ ಬಿಳಿ ಕಲೆಯನ್ನು ನೋಡಿದವರಿಗೆ ಕಾರಣ ವಿವರಿಸಬೇಕಾಗಿಲ್ಲ.

ಈಗ ಪ್ರಮಾಣದ ವಿಷಯ. 0.3 ಮಿಲಿಮೀಟರ್ ನಳಿಕೆಯ ಏರ್‌ಬ್ರಷ್, 15ರಿಂದ 20 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ, ಒಂದು ಪಾಲು ತಮಿಯಾ ಬಣ್ಣಕ್ಕೆ ಒಂದು ಪಾಲು ಥಿನ್ನರ್ ಎಂಬಲ್ಲಿಂದ ನಾನು ಆರಂಭಿಸುತ್ತೇನೆ. ಇದನ್ನು ಸೂತ್ರವೆಂದು ತಿಳಿಯಬಾರದು, ಏಕೆಂದರೆ ಎರಡು ವರ್ಷದಿಂದ ಮುಚ್ಚಳ ಸಡಿಲಾಗಿದ್ದ ಶೀಶೆಯ ಬಣ್ಣ ಈಗಾಗಲೇ ಗಟ್ಟಿಯಾಗಿರುತ್ತದೆ, ಮತ್ತು ಏಪ್ರಿಲ್ ಮಧ್ಯಾಹ್ನದ ಒಣ ಬಿಸಿಲಿನಲ್ಲಿ ಸರಿಯಿದ್ದ ಹದ ಜುಲೈ ತಿಂಗಳ ಜಡಿಮಳೆಯಲ್ಲಿ ಒಂದೆರಡು ಹನಿ ಕಡಿಮೆ ಥಿನ್ನರ್ ಬೇಡುತ್ತದೆ. ಒತ್ತಡವನ್ನೂ ಹದವನ್ನೂ ಬೇರೆಬೇರೆಯಾಗಿ ಯೋಚಿಸುವುದೇ ತಪ್ಪು: ಗಟ್ಟಿ ಬಣ್ಣವನ್ನು ಸಣ್ಣ ಹನಿಗಳಾಗಿ ಒಡೆಯಲು ಹೆಚ್ಚು ಗಾಳಿ ಬೇಕು, ತೆಳು ಬಣ್ಣಕ್ಕೆ ಅದೇ ಗಾಳಿ ತಾಗಿದರೆ ಅದು ಮೇಲ್ಮೈ ಮೇಲೆ ಜೇಡನ ಕಾಲಿನಂತೆ ಎಲ್ಲ ದಿಕ್ಕಿಗೂ ಓಡುತ್ತದೆ. ಹಾರುತ್ತಿರುವಾಗಲೇ ಹನಿ ಆರಿ ಪುಡಿಯಾಗಿ ಕೂತರೆ, ನನ್ನ ಮೊದಲ ರೆಕ್ಕೆಗೆ ಆದಂತೆ, ಬಣ್ಣ ಗಟ್ಟಿಯಾಗಿದೆ ಅಥವಾ ಏರ್‌ಬ್ರಷ್ ತೀರ ದೂರದಲ್ಲಿದೆ ಎಂದರ್ಥ.

ಹಾಲಿನ ಮಾತಿಗೆ ಬದಲಾಗಿ ನಾನು ನಂಬುವುದು ಬೆರಕೆಯ ಬಿಳಿ ಬಟ್ಟಲಿನ ಗೋಡೆಯನ್ನು. ಕಡ್ಡಿಯಿಂದ ಬಣ್ಣವನ್ನು ಗೋಡೆಯ ಮೇಲಕ್ಕೆ ಎಳೆದು ಬಿಟ್ಟಾಗ ಅದು ತಡಮಾಡದೆ ಕೆಳಗಿಳಿಯಬೇಕು, ಇಳಿದ ದಾರಿಯಲ್ಲಿ ಒಳಗಿನ ಬಿಳಿ ಕಾಣುವಷ್ಟು ತೆಳ್ಳನೆಯ ಬಣ್ಣದ ಪೊರೆಯನ್ನು ಉಳಿಸಬೇಕು. ದೋಸೆ ಹಿಟ್ಟಿನಂತೆ ಅಂಟಿ ನಿಂತರೆ ಥಿನ್ನರ್ ಸಾಲದು. ನೀರುಮಜ್ಜಿಗೆಯಂತೆ ಗುರುತೇ ಇಲ್ಲದೆ ಜಾರಿದರೆ ಹೆಚ್ಚಾಗಿದೆ. ಇದಾದ ಮೇಲೂ ಮಾದರಿಯ ಮೇಲೆ ಹೊಡೆಯುವ ಮೊದಲು ಪ್ಲಾಸ್ಟಿಕ್ ಚಮಚವೊಂದರ ಬೆನ್ನ ಮೇಲೆ ಹೊಡೆದು ನೋಡುತ್ತೇನೆ. ಎಲ್ಲಕ್ಕಿಂತ ಮೊದಲು ಮಾಡಬೇಕಾದ, ಆದರೆ ಬಹಳ ಮಂದಿ ಮರೆಯುವ ಕೆಲಸವೆಂದರೆ ಶೀಶೆಯನ್ನು ತಳದಿಂದ ಕಲಕುವುದು. ಮ್ಯಾಟ್ ಬಣ್ಣದಲ್ಲಿ ಹೊಳಪನ್ನು ತಗ್ಗಿಸುವ ಪುಡಿ ತಳದಲ್ಲೇ ಕೂತಿರುತ್ತದೆ. ಮೇಲಿನ ದ್ರವವನ್ನಷ್ಟೇ ಹೀರಿ ತೆಗೆದರೆ ಎಂಥ ಥಿನ್ನರ್ ಹಾಕಿದರೂ ಮ್ಯಾಟ್ ಆಗುವುದಿಲ್ಲ. ಬೆರಕೆಯನ್ನು ಪ್ರತ್ಯೇಕ ಬಟ್ಟಲಿನಲ್ಲೇ ಮಾಡಬೇಕು. ಏರ್‌ಬ್ರಷ್ಷಿನ ಬಟ್ಟಲಿಗೆ ನೇರವಾಗಿ ಗಟ್ಟಿ ಬಣ್ಣ ಸುರಿದರೆ ಅದು ಮೊದಲು ಸೂಜಿಯ ಬಳಿ ಇಳಿದು ಕೂರುತ್ತದೆ, ಆಮೇಲೆ ಎಷ್ಟು ಕಲಕಿದರೂ ಅಲ್ಲಿಗೆ ಥಿನ್ನರ್ ತಲುಪುವುದಿಲ್ಲ.

ನನ್ನ ಎರಡನೆಯ ಸ್ಪಿಟ್‌ಫೈರ್, ಆ ವಿಮಾನದ ಒಂಬತ್ತನೆಯ ಆವೃತ್ತಿಯದು. 1941ರ ಆಗಸ್ಟ್ ತಿಂಗಳಲ್ಲಿ ಬ್ರಿಟಿಷ್ ವಾಯುಪಡೆ ತನ್ನ ಯುದ್ಧವಿಮಾನಗಳಿಗೆ ಜಾರಿಗೆ ತಂದ ಬೂದು-ಹಸಿರು ಬಣ್ಣಗಾರಿಕೆಯನ್ನೇ ಅದಕ್ಕೆ ಕೊಟ್ಟೆ: ಕೆಳಭಾಗಕ್ಕೆ ತಮಿಯಾದ ಎಕ್ಸ್‌ಎಫ್-83 ತಿಳಿ ಬೂದು, ಮೇಲೆ ಎಕ್ಸ್‌ಎಫ್-82 ಬೂದು, ಅದರ ಮೇಲೆ ಎಕ್ಸ್‌ಎಫ್-81 ಹಸಿರು. ಬೂದು ಬಣ್ಣವನ್ನು ಒಂದಕ್ಕೊಂದರ ಹದದಲ್ಲಿ ಹೊಡೆದೆ. ಹಸಿರು ಪಟ್ಟೆಗಳ ಅಂಚನ್ನು ಟೇಪಿಲ್ಲದೆ ಕೈಯಿಂದಲೇ ಎಳೆಯಬೇಕಾಗಿದ್ದರಿಂದ ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಥಿನ್ನರ್ ಹಾಕಿ, ಒತ್ತಡವನ್ನು 12 ಪಿಎಸ್‌ಐಗೆ ಇಳಿಸಿ, ಎರಡು ಸೆಂಟಿಮೀಟರ್ ದೂರದಿಂದ ಅಂಚನ್ನು ಗುರುತಿಸಿ ಒಳಗನ್ನು ತುಂಬಿದೆ. ಮೊದಲ ಪದರ ಒದ್ದೆ ಬಟ್ಟೆಯ ಕಲೆಯಂತೆ ಪೇಲವವಾಗಿ ಕಂಡಾಗ ಕೈ ತಾನಾಗಿಯೇ ಇನ್ನಷ್ಟು ಸುರಿಯಲು ಹೋಗುತ್ತದೆ; ಎರಡು ನಿಮಿಷ ತಡೆದು ಎರಡನೆಯದನ್ನೂ, ಮತ್ತೆ ತಡೆದು ಮೂರನೆಯದನ್ನೂ ಹೊಡೆದ ಮೇಲಷ್ಟೇ ಹಸಿರು ತುಂಬಿಕೊಂಡಿತು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಥಿನ್ನರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಸೂಜಿಯ ತುದಿ ಒರೆಸುತ್ತಿದ್ದೆ. ಉಳಿದ ತೆಳು ಬಣ್ಣವನ್ನು ಮೂಲ ಶೀಶೆಗೆ ಮರಳಿ ಸುರಿಯದೆ, ತೊಳೆದಿಟ್ಟ ಕಣ್ಣಿನ ಔಷಧಿಯ ಬಾಟಲಿಗೆ ತುಂಬಿ, ಪಾಲು ಮತ್ತು ತಾರೀಖು ಬರೆದು ಅಂಟಿಸಿದ್ದೇನೆ.